ಸರ್ಚ್ ಬಾರ್ ಬರೆದ ಅಕ್ಕೋರು

ಹೋದ ತಿಂಗಳು ಹರಪನಹಳ್ಳಿಯ ನಮ್ಮ ಔಷಧದಂಗಡಿಯ ಮೇಲಿನ ಕೋಣೆಯನ್ನು ಖಾಲಿ ಮಾಡಿದೆವು. ಇನ್ನು ಮುಂದೆ ಅಲ್ಲಿ ಸಲೈನ್ ಬಾಟಲಿಗಳ ರಟ್ಟಿನ ಡಬ್ಬಿಗಳು ಇರುತ್ತವೆ. ಮೇಜು, ಕಂಪ್ಯೂಟರು, ವೈರು ಎಲ್ಲ ಕೆಳಗೆ ಬಂದ ಮೇಲೆ ಕಿಟಕಿ ಪಕ್ಕದ ಒಂದು ಕುರ್ಚಿ ಉಳಿಯಿತು. ಅದರ ಬೆನ್ನಿಗೆ ಮಡಚಿದ ಟವೆಲ್ ಕಟ್ಟಿತ್ತು. ಕುತ್ತಿಗೆನೋವಿನವರು ಮಾಡಿಕೊಳ್ಳುವ ಏರ್ಪಾಡು. ಬಿಚ್ಚಲು ಹೋದೆ, ಗಂಟು ಸಡಿಲಾಗಲಿಲ್ಲ. ಹಾಗೆಯೇ ಹೊತ್ತು ಇಳಿಸಿದೆ. ಈಗ ಕೌಂಟರಿನ ಹಿಂದೆ ನಾನೇ ಅದರ ಮೇಲೆ ಕೂಡುತ್ತೇನೆ. ನನಗೂ ವಯಸ್ಸಾಯಿತು, ಬೆನ್ನಿಗೆ ಹಿತವಾಗಿದೆ.

ಆ ಕುರ್ಚಿಯಲ್ಲಿ ಕೂಡುತ್ತಿದ್ದವರನ್ನು ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಕೊಟ್ಟೂರಿನ ಕಾಲೇಜೊಂದರಲ್ಲಿ ಬಹಳ ವರ್ಷ ಕಂಪ್ಯೂಟರ್ ಪಾಠ ಹೇಳಿದವರು. ಅತಿಥಿ ಉಪನ್ಯಾಸಕಿ ಎಂದು ಸೇರಿ, ಅತಿಥಿಯಾಗಿಯೇ ಉಳಿದು, ಕೊನೆಗೆ ಬೇಸತ್ತು ಬಿಟ್ಟರು. ಅದೇ ಹೊತ್ತಿಗೆ ನಮ್ಮ ಸಾವ್ಕಾರ್ರ ಮಗ ಒಂದು ಆ್ಯಪ್ ಮಾಡಿಸಬೇಕೆಂದು ಹೊರಟಿದ್ದರು. ಹರಪನಹಳ್ಳಿ, ಕೊಟ್ಟೂರು, ಹಡಗಲಿ, ಮೂರೂ ಕಡೆ ಅವರ ಔಷಧದಂಗಡಿಗಳಿವೆ. ಜನ ದೊಡ್ಡ ದೊಡ್ಡ ಕಂಪನಿಗಳಿಂದ ಮೊಬೈಲಿನಲ್ಲೇ ಮಾತ್ರೆ ತರಿಸಲು ಶುರು ಮಾಡಿದ್ದರು. ನಾವೂ ಹಳ್ಳಿ ಹಳ್ಳಿಗೆ ಕಳಿಸೋಣ ಎಂದು ಸಣ್ಣ ಸಾವ್ಕಾರ್ರ ಹಟ. ಆ್ಯಪ್ ಬರೆಯಲು ಅಕ್ಕೋರು ಬಂದರು. ಡಾಕ್ಟರ್ ಚೀಟಿ ನೋಡಿ ಸರಿಯೋ ತಪ್ಪೋ ಹೇಳಲು, ಗಿರಾಕಿಗಳ ಫೋನ್ ಎತ್ತಲು ನನ್ನನ್ನು ಕೌಂಟರಿನಿಂದ ಮೇಲಕ್ಕೆ ಕಳಿಸಿದರು. ನಾನು ಫಾರ್ಮಸಿ ಓದಿದವನು, ಕಂಪ್ಯೂಟರಿನ ಗಂಧವಿಲ್ಲ. ಹೀಗೆ ಒಂದೇ ಕೋಣೆಯಲ್ಲಿ ನಾವಿಬ್ಬರು ಎದುರು ಬದುರಾದೆವು.

ಅವರು ದಿನಾ ಕೊಟ್ಟೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯ ಅಡುಗೆ, ಬುತ್ತಿ ಎಲ್ಲ ಮುಗಿಸಿ, ಬಹುಪಾಲು ದಿನ ನಿಂತೇ ಬಂದು, ಮೆಟ್ಟಿಲು ಹತ್ತಿ, ಕುತ್ತಿಗೆಗೆ ಬೆಲ್ಟ್ ಬಿಗಿದುಕೊಂಡು ಕೂಡುವಾಗ ಹೇಳುತ್ತಿದ್ದ ಮೊದಲ ಮಾತು, “ಸಾಕಾಗೇತ್ರಿ.” ಬಂದವರಿಗೆ ನಮಸ್ಕಾರ ಹೇಳಿದ ಹಾಗೆ ಹೇಳುತ್ತಿದ್ದರು. ಹೇಳಿ, ಕೆಲಸಕ್ಕೆ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ.

ಆ್ಯಪ್ ಎಂದರೆ ನಾನು ಏನೇನೋ ಅಂದುಕೊಂಡಿದ್ದೆ. ಅವರು ವಾರಗಟ್ಟಲೆ ಗುದ್ದಾಡಿದ್ದು ಮಾತ್ರ ಮೇಲಿರುವ ಒಂದು ಉದ್ದನೆಯ ಪೆಟ್ಟಿಗೆಯ ಜೊತೆ. ಔಷಧದ ಹೆಸರು ಬರೆದು ಹುಡುಕುವ ಪೆಟ್ಟಿಗೆ, ಸರ್ಚ್ ಬಾರ್. ಅದನ್ನು ಮುಟ್ಟಿದೊಡನೆ ಕೆಳಗಿನಿಂದ ಕೀಬೋರ್ಡು ಎದ್ದು ಬರುತ್ತದಲ್ಲ, ಅದರದೇ ಅವರಿಗೆ ಚಿಂತೆ.

“ಈ ಕೀಬೋರ್ಡ್ ಅಂದ್ರ ನೆಂಟ್ರಿದ್ದಂಗ ನೋಡ್ರಿ ಅಣ್ಣಾರೆ. ಬಂದು ಕುಂತ್ರ ಅರ್ಧ ಮನಿ ಅವರದ. ನಮ್ಮ ಮಂದಿ ಗುಳಿಗಿ ಹೆಸರು ಬರೀತಾರ, ಗುಳಿಗಿ ಕೆಳಗ ಬಂದಿರ್ತತಿ, ಕೀಬೋರ್ಡ್ ಹಿಂದ ಮುಚ್ಚಿ ಹೋಗಿರ್ತತಿ. ಇಲ್ಲ ಅಂತ ತಿಳ್ಕೊಂಡು ಸುಮ್ಮನಾಗ್ತಾರ.”

ಸಿಕ್ಕ ಔಷಧದ ಪಟ್ಟಿ ಕೀಬೋರ್ಡಿನ ಮೇಲೆಯೇ ನಿಲ್ಲುವಂತೆ, ಬೆರಳಿನಿಂದ ಪಟ್ಟಿ ಸರಿಸಿದರೆ ಕೀಬೋರ್ಡು ತಾನೇ ಕೆಳಗಿಳಿಯುವಂತೆ ಮಾಡಿದರು. ಆ್ಯಪ್ ತೆರೆದೊಡನೆ ಕೀಬೋರ್ಡು ನುಗ್ಗಿ ಬರುತ್ತಿತ್ತು, ಅದನ್ನು ತಡೆದರು. ವಯಸ್ಸಾದವರು ಹೆದರಿ ಫೋನನ್ನೇ ಪಕ್ಕಕ್ಕಿಡುತ್ತಾರೆ ಎನ್ನುತ್ತಿದ್ದರು. ಮುಂದಿನ ಸಾಲಿಗೆ ಹೋಗುವ ಬಾಣದ ಗುರುತಿದ್ದ ಕಡೆ ‘ಹುಡುಕು’ ಎಂಬ ಗುಂಡಿ ಬರುವಂತೆ ಮಾಡಿದರು. ಇದೆಲ್ಲ ಒಂದು ಫೋನಿನಲ್ಲಿ ಸರಿಹೋದರೆ ಇನ್ನೊಂದರಲ್ಲಿ ಕೆಡುತ್ತಿತ್ತು. ಅದಕ್ಕೆಂದೇ ಮೇಜಿನ ಖಾನೆಯಲ್ಲಿ ಗಾಜು ಒಡೆದ, ಬ್ಯಾಟರಿ ಉಬ್ಬಿದ ಹಳೆಯ ಫೋನುಗಳನ್ನು ಇಟ್ಟುಕೊಂಡಿದ್ದರು.

ಪರೀಕ್ಷೆ ಮಾಡುವ ಅವರ ರೀತಿ ನೋಡಲು ವಿಚಿತ್ರ. ಕುರ್ಚಿಯಲ್ಲಿ ಕೂತು ಮಾಡುತ್ತಿರಲಿಲ್ಲ. ಬುತ್ತಿಚೀಲವನ್ನು ಒಂದು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಮಾತ್ರ ಬರೆಯುತ್ತಿದ್ದರು. ಕೆಲವೊಮ್ಮೆ ಕೈ ತೊಳೆದು ಒರೆಸಿಕೊಳ್ಳದೆ ಬಂದು ಮುಟ್ಟಿ ನೋಡುತ್ತಿದ್ದರು. ಯಾಕೆ ಎಂದರೆ, “ಎರಡೂ ಕೈ ಖಾಲಿ ಇಟ್ಕೊಂಡು ಯಾರು ಗುಳಿಗಿ ಹುಡುಕ್ತಾರ್ರಿ? ಒಂದು ಕೈಯಾಗ ಕೂಸಿರ್ತತಿ, ಇಲ್ಲ ಸೌಟಿರ್ತತಿ.”

ಒಂದು ದಿನ ಬಿದ್ದು ಬಿದ್ದು ನಕ್ಕಿದ್ದೆವು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎಂದು ಇಂಗ್ಲಿಷಿನಲ್ಲಿ ಬರೆದರೆ, ತಪ್ಪು ತಿದ್ದುವ ಕೀಬೋರ್ಡು ಅದನ್ನು ‘ಮೆಟ್ ಫಾರ್ಮರ್’ ಎಂದು ಮಾಡಿಬಿಟ್ಟಿತು. “ಸಕ್ಕರಿ ಗುಳಿಗಿ ಕೇಳಿದ್ರ, ರೈತ ಭೇಟಿಯಾಗಿದ್ದ ಅಂತತಿ ನೋಡ್ರಿ ಇದು!” ಎಂದು ಕಣ್ಣೊರೆಸಿಕೊಂಡರು. ಆ ಪೆಟ್ಟಿಗೆಯಲ್ಲಿ ತಿದ್ದುವುದನ್ನು ಅಂದೇ ನಿಲ್ಲಿಸಿದರು. ನಕ್ಕು ಮುಗಿಸಿದ ಮೇಲೆ ಮಾತ್ರ ಮುಖ ಸಣ್ಣಗಾಯಿತು. “ನಗಾಕ ಚಂದ ಐತಿ. ಬ್ಯಾರೆ ಗುಳಿಗಿ ಹೆಸರು ತಂದು ಕುಂದ್ರಿಸಿದ್ರ?” ಎಂದರು.

ಅವರಿಗೆ ಹೆಮ್ಮೆ ಎನ್ನುವುದು ಇದ್ದರೆ ಕನ್ನಡದ ಹುಡುಕಾಟದ ಬಗ್ಗೆ. ನಮ್ಮ ಕಡೆ ಯಾರು ‘ಗುಳಿಗೆ’ ಎಂದು ಬರೆಯುತ್ತಾರೆ? ‘ಗುಳಿಗಿ’ ಎನ್ನುತ್ತಾರೆ, ಹಾಗೆಯೇ ಬರೆಯುತ್ತಾರೆ. ‘ಸಕ್ಕರಿ’, ‘ಎಣ್ಣಿ’, ‘ತಲಿ ನೋವು’. ಹೀಗೆ ಬರೆದರೂ ಸಿಗುವಂತೆ, ಔಷಧದ ಹೆಸರು ಗೊತ್ತಿಲ್ಲದಿದ್ದರೆ ರೋಗದ ಹೆಸರು ಬರೆದರೂ ಸಿಗುವಂತೆ ಮಾಡಿದ್ದರು. ಹಗರಿಬೊಮ್ಮನಹಳ್ಳಿಯ ಕಡೆಯ ಒಬ್ಬ ಅಜ್ಜಿ ಫೋನ್ ಮಾಡಿ, “ನಾನು ಮಾತಾಡಿದಂಗ ಬರದ್ರ ತಿಳೀತತಲ್ಲೋ ನಿಮ್ಮ ಮಿಷನ್ನಿಗೆ” ಎಂದಾಗ ಫೋನನ್ನು ಅವರ ಕಿವಿಯ ಹತ್ತಿರ ಹಿಡಿದೆ. ಆ ದಿನ ಸಂಜೆ ಬಸ್ಸಿಗೆ ಹೊರಡುವಾಗ ಅವರಿಗೆ ಬೆಲ್ಟ್ ಬಿಚ್ಚುವುದೇ ಮರೆತು ಹೋಗಿತ್ತು.

ಸಣ್ಣ ಸಾವ್ಕಾರ್ರು ಇನ್ನೊಂದು ಕೇಳಿದರು. ಸರ್ಚ್ ಬಾರ್ ಮುಟ್ಟಿದೊಡನೆ ಹಿಂದೆ ಹುಡುಕಿದ ಹೆಸರುಗಳು ಕೆಳಗೆ ಸಾಲಾಗಿ ಬರಬೇಕು. ಪ್ರತಿ ತಿಂಗಳು ಅದೇ ಬಿ.ಪಿ. ಮಾತ್ರೆ ತರಿಸುವವರು ಮತ್ತೆ ಬರೆಯುವ ಕಷ್ಟವಿಲ್ಲ, ಒಂದು ಸಲ ಮುಟ್ಟಿದರೆ ಆಯಿತು. ಅಕ್ಕೋರು ಮಾಡಿಕೊಟ್ಟರು. ವಯಸ್ಸಾದವರು ಬಹಳ ಮೆಚ್ಚಿದರು. ವ್ಯಾಪಾರವೂ ಏರಿತು.

ಹೀಗಿರುವಾಗ ಒಂದು ಬೆಳಿಗ್ಗೆ ಫೋನ್ ಬಂತು. ಚೀಟಿ ನೋಡುತ್ತಿದ್ದೆ, ಸ್ಪೀಕರಿಗೆ ಹಾಕಿದೆ. ಹೆಣ್ಣಿನ ದನಿ, ಚಿಕ್ಕ ವಯಸ್ಸು.

“ಔಷಧದ ಆ್ಯಪ್‌ನೋರಾ?”

“ಹೌದಮ್ಮ, ಹೇಳವ್ವ.”

“ನಾನು ಬರದಿದ್ದನ್ನ ಅಳಿಸಿದ್ನೆಲ್ರಿ. ಬಾಜೂಕ ಗುಣಾಕಾರದ ಚಿಹ್ನಿ ಇರ್ತತಲ್ಲ, ಅದನ್ನ ಒತ್ತಿದ್ದೆ. ಪೂರಾ ಹೋಗಿತ್ತು. ಮತ್ತ ಹೆಂಗ ಬಂತ್ರಿ ಅದು?”

ನನಗೆ ಅರ್ಥವಾಗಲಿಲ್ಲ. ಅಕ್ಕೋರಿಗೆ ಆಯಿತು. ಎದ್ದು ಬಂದು ಫೋನ್ ಇಸಕೊಂಡರು. ಬಿಟ್ಟು ಬಿಟ್ಟು ಹೇಳಿದ ಮಾತಿನಿಂದ ತಿಳಿದದ್ದು ಇಷ್ಟು. ಆ ಹುಡುಗಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಮಾತ್ರೆ ತಪ್ಪದೆ ತೆಗೆದುಕೊಂಡು ವರ್ಷಗಳಿಂದ ಚೆನ್ನಾಗಿದ್ದಾಳೆ. ತವರು ಚಿಗಟೇರಿ, ಮದುವೆ ಮಾಡಿ ಕೊಟ್ಟದ್ದು ಹೊಸಹಳ್ಳಿಗೆ. ರೋಗದ ವಿಷಯ ಗಂಡಿನವರಿಗೆ ಹೇಳಿರಲಿಲ್ಲ. ಅಪ್ಪ ಆಗಾಗ ಬಂದು ಮಾತ್ರೆ ಕೊಟ್ಟು ಹೋಗುತ್ತಿದ್ದ. ಅವನ ಕಾಲು ಮುರಿದು ಮನೆ ಹಿಡಿದ ಮೇಲೆ, ಗಂಡನ ಫೋನಿನಲ್ಲಿ ನಮ್ಮ ಆ್ಯಪ್ ನೋಡಿ, ಅವನು ಹೊಲಕ್ಕೆ ಹೋಗುವ ಮೊದಲು ಸ್ನಾನಕ್ಕೆ ಹೋದಾಗ ‘ಫಿಟ್ಸ್ ಗುಳಿಗಿ’ ಎಂದು ಬರೆದು, ಚೀಟಿಯ ಫೋಟೋ ಕಳಿಸಿ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ತರಿಸಿಕೊಂಡಿದ್ದಳು. ಕೆಲವು ದಿನದ ಮೇಲೆ ಅತ್ತೆ ಮೊಣಕಾಲಿಗೆ ಎಣ್ಣೆ ತರಿಸು ಎಂದರು. ಗಂಡ ಎಲ್ಲರ ನಡುವೆ ಕೂತು ಸರ್ಚ್ ಬಾರ್ ಮುಟ್ಟಿದ. ಕೆಳಗೆ ಬಂತು: ಫಿಟ್ಸ್ ಗುಳಿಗಿ. ಅವನು ಜೋರಾಗಿ ಓದಿ, “ಇದು ಯಾರಿಗೆ?” ಎಂದ.

“ಈಗ ಎಲ್ಲಿದ್ದೀಯವ್ವ?” ಅಕ್ಕೋರು ಕೇಳಿದರು.

“ಚಿಗಟೇರ್ಯಾಗ. ಮೊನ್ನಿ ಬಿಟ್ಟು ಹೋಗ್ಯಾರ.”

“ಗುಳಿಗಿ ಅದಾವಾ?”

“ಅಲ್ಲೇ ಉಳದಾವ್ರಿ, ಟ್ರಂಕಿನ್ಯಾಗ.”

ನಾನು ಗಾಬರಿಯಾದೆ. ಆ ಮಾತ್ರೆಯನ್ನು ಹಾಗೆ ಒಮ್ಮೆಲೇ ನಿಲ್ಲಿಸುವಂತಿಲ್ಲ. ಚೀಟಿಯ ಫೋಟೋ ನಮ್ಮ ಹತ್ತಿರ ಇತ್ತು. ಕೆಳಗೆ ಹೋಗಿ ಮಾತ್ರೆ ತೆಗೆದುಕೊಂಡು ಬರುವಷ್ಟರಲ್ಲಿ ಅಕ್ಕೋರು ಚಪ್ಪಲಿ ಮೆಟ್ಟಿ ನಿಂತಿದ್ದರು.

“ಗುಣಾಕಾರ ಒತ್ತಿದ್ರ ಪೆಟಗ್ಯಾಗಿನ ಅಕ್ಷರ ಅಷ್ಟ ಹೋಗ್ತಾವ. ಕೆಳಗಿನ ನೆನಪು ಉಳೀತತಿ. ಹಂಗ ಮಾಡಿದಾಕಿ ನಾನು. ಆಕಿ ಅಳಿಸ್ಯಾಳ ಅಣ್ಣಾರೆ. ನಾನು ಅಳಿಸಿಲ್ಲ.”

ನನ್ನ ಬೈಕಿನ ಹಿಂದೆ ಕುತ್ತಿಗೆಯ ಬೆಲ್ಟ್ ಕಟ್ಟಿಕೊಂಡೇ ಕೂತರು. ದಾರಿಯುದ್ದಕ್ಕೂ ಟಾರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಬೈಕು ನಿಧಾನ ಮಾಡಿದಾಗಲೆಲ್ಲ, “ನಡೀರಿ, ನಡೀರಿ” ಎನ್ನುತ್ತಿದ್ದರು.

ಮನೆಯಲ್ಲಿ ಹುಡುಗಿಯ ಅಪ್ಪ ಪಟ್ಟಿ ಕಟ್ಟಿದ ಕಾಲು ಚಾಚಿ ಮಂಚದ ಮೇಲಿದ್ದ. ನಾವು ಯಾರೆಂದು ತಿಳಿದ ಮೇಲೆ ಅವನ ಮುಖ ಕೆಂಪಾಯಿತು.

“ನಿಮ್ಮ ಮೊಬೈಲ್ ಆಟಕ್ಕ ನನ್ನ ಮಗಳ ಬಾಳೇವು ಹಾಳಾತು. ಈಗ ಏನು ನೋಡಾಕ ಬಂದೀರಿ?”

ಅಕ್ಕೋರು ಬಾಗಿಲಲ್ಲೇ ನಿಂತಿದ್ದರು. “ಗುಳಿಗಿ ಕೊಡಾಕ ಬಂದೀವ್ರಿ. ಮತ್ತ, ತಪ್ಪು ನಂದು ಐತಿ ಅಂತ ಹೇಳಾಕ.”

ಅವನು ಇನ್ನೂ ಏನೋ ಹೇಳುವವನಿದ್ದ. ಒಲೆಯ ಮುಂದಿದ್ದ ಅವನ ಹೆಂಡತಿ ತಿರುಗದೆಯೇ ಹೇಳಿದಳು. “ಮುಚ್ಚಿಟ್ಟು ಲಗ್ನ ಮಾಡಿದೋರು ನಾವು. ಅವರನ್ನ್ಯಾಕ ಬೈತಿ? ಬರ್ರಿ ಅಕ್ಕೋರೆ, ಒಳಗ ಕುಂದರ್ರಿ.”

ಹುಡುಗಿ ನೀರು ತಂದಳು. ನಮಗೆ ಕೊಟ್ಟು, ತಾನೂ ಒಂದು ಲೋಟ ಹಿಡಿದು, ನಮ್ಮೆದುರಿಗೇ ಮಾತ್ರೆ ನುಂಗಿದಳು. ಅಳುತ್ತಿರಲಿಲ್ಲ. ಅತ್ತು ಮುಗಿಸಿದ ಮುಖ. ಅಕ್ಕೋರು ಏನೇನೋ ಹೇಳಲು ಹೋಗಿ, ಗಂಡನ ಮನೆಗೆ ತಾವೇ ಹೋಗಿ ಮಾತಾಡಲೇ ಎಂದರು. ಅವಳು ಬೇಡ ಎಂದು ತಲೆಯಾಡಿಸಿದಳು. ಕೇಳಿದ್ದು ಒಂದೇ.

“ಮತ್ತೊಬ್ಬರಿಗೆ ಹಿಂಗ ಆಗಂಗಿಲ್ಲ, ಹೌದಲ್ರಿ?”

“ನನ್ನ ಕೈಯಾಗ ಇರೋತನಕ ಆಗಂಗಿಲ್ಲವ್ವ.”

ವಾಪಸು ಬರುವಾಗ ಒಂದು ಸೇತುವೆಯ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿದರು. ಇಳಿದು, ಬೆಲ್ಟ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತರು. ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ‘ಸಾಕಾಗೇತ್ರಿ’ ಎನ್ನುತ್ತಾರೆ ಎಂದುಕೊಂಡೆ. ಬೆಲ್ಟನ್ನು ಮತ್ತೆ ಬಿಗಿದುಕೊಂಡು ಬೈಕಿನ ಹತ್ತಿರ ಬಂದರು.

ಹಿಂದೆ ಹುಡುಕಿದ ಹೆಸರುಗಳ ಪಟ್ಟಿಯನ್ನು ಅಂದೇ ತೆಗೆದುಹಾಕಿದರು. ಫೋನುಗಳ ಒಳಗೆ ಉಳಿದಿದ್ದ ಹಳೆಯ ಹೆಸರುಗಳೂ ಅಳಿಸಿ ಹೋಗುವಂತೆ ಮಾಡಿದರು. ಅಷ್ಟಕ್ಕೇ ಬಿಡಲಿಲ್ಲ. ಕೀಬೋರ್ಡು ತಾನೂ ಬೇರೆ ನಾವು ಬರೆದ ಮಾತು ಕಲಿತುಕೊಂಡು, ಮುಂದಿನ ಸಲ ಎರಡಕ್ಷರ ಒತ್ತುವಷ್ಟರಲ್ಲಿ ಪೂರ್ತಿ ಮಾತನ್ನು ಮುಂದಿಡುತ್ತದಂತೆ. ಈ ಪೆಟ್ಟಿಗೆಯಲ್ಲಿ ಬರೆದದ್ದನ್ನು ಕಲಿಯಬೇಡ ಎಂದು ಅದಕ್ಕೆ ಹೇಳಲು ಒಂದು ದಾರಿ ಇದೆಯಂತೆ. ಎಲ್ಲ ಕೀಬೋರ್ಡೂ ಆ ಮಾತು ಕೇಳುತ್ತವೆಯೇ ಎಂದೆ. “ಕೇಳಬೇಕು ಅಂತ ಏನೂ ಇಲ್ರಿ. ನಾವು ಹೇಳೋದು ಹೇಳಿಡಬೇಕು” ಎಂದರು. ಖಾನೆಯ ಫೋನುಗಳನ್ನೆಲ್ಲ ಹೊರಗೆ ತೆಗೆದು ಒಂದೊಂದರಲ್ಲೂ ‘ಫಿ’ ಎಂದು ಬರೆದು, ಏನು ಬರುತ್ತದೆಂದು ನೋಡಿದರು.

ವಾರ ಕಳೆಯುವಷ್ಟರಲ್ಲಿ ದೂರು ಬರತೊಡಗಿತು. ವಯಸ್ಸಾದವರು, ಕೈ ನಡುಗುವವರು. “ಮೊದಲು ಮುಟ್ಟಿದ್ರ ಬರ್ತಿತ್ತು, ಈಗ ಎಲ್ಲಾ ಬರೀಬೇಕು, ಯಾಕ್ರಪ್ಪಾ?” ಎಂದು ಕೇಳುತ್ತಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅಕ್ಕೋರು ಅದಕ್ಕೂ ಒಂದು ಉಪಾಯ ಮಾಡಿದರು. ಮಾತ್ರೆ ತರಿಸಿದ ಮೇಲೆ ‘ಈ ಹೆಸರು ನೆನಪಿಟ್ಟುಕೊಳ್ಳಲೇ?’ ಎಂದು ಆ್ಯಪ್ ಕೇಳುವುದು. ಹೌದು ಎಂದವರದು ಮಾತ್ರ ಉಳಿಯುವುದು. ಸಣ್ಣ ಸಾವ್ಕಾರ್ರಿಗೆ ಅದು ಒಪ್ಪಿಗೆಯಾಗಲಿಲ್ಲ. ಒಂದು ಬೆಳಿಗ್ಗೆ ಅಂಗಡಿ ತೆಗೆದ ಹೊತ್ತಿನಲ್ಲಿ, ಅವರಪ್ಪ ದೊಡ್ಡ ಸಾವ್ಕಾರ್ರು ಪಕ್ಕದಲ್ಲೇ ಊದುಬತ್ತಿ ಹಚ್ಚುತ್ತಿರುವಾಗ, ಕೌಂಟರಿನ ಹತ್ತಿರವೇ ಮಾತು ಬೆಳೆಯಿತು.

“ಅಕ್ಕೋರೆ, ಯಾರೋ ಒಬ್ಬಾಕಿ ಸಲುವಾಗಿ ಎಲ್ಲರಿಗೂ ತ್ರಾಸು ಕೊಡಾಕಾಗ್ತತೇನ್ರಿ? ಮುಚ್ಚಿಡಬಾರದಿತ್ತು ಆಕಿ. ಮೊದಲಿನಂಗ ಮಾಡಿಬಿಡ್ರಿ.”

ಅಕ್ಕೋರು ದನಿ ಏರಿಸಲಿಲ್ಲ. “ಆತ್ರಿ, ಮಾಡ್ತೀನಿ. ಈಗ ನಿಮ್ಮ ಫೋನಿನ್ಯಾಗೂ ಮಂದಿ ಎಲ್ಲಾ ಬಳಸೋ ಆ್ಯಪ್‌ಗಳು ಅದಾವಲ್ಲ, ಅದರಾಗ ಹಳೇ ಹುಡುಕಾಟ ಇರ್ತಾವ. ಒಂದೀಟು ಫೋನ್ ಅಪ್ಪಾರ ಕೈಯಾಗ ಕೊಡ್ರಿ. ಸರ್ಚ್ ಬಾರ್ ಮುಟ್ಟಿ ನೋಡ್ಲಿ. ಅವರು ನೋಡಿದ ಮ್ಯಾಲ ನಾನು ಮ್ಯಾಲ ಹೋಗಿ ಮೊದಲಿನಂಗ ಮಾಡಿಬಿಡ್ತೀನಿ.”

ದೊಡ್ಡ ಸಾವ್ಕಾರ್ರು ಏನೂ ತಿಳಿಯದೆ ಕೈ ಚಾಚಿದರು. “ಏನೋ ಅದು, ಕೊಡಪ್ಪ ನೋಡೋಣು.”

ಸಣ್ಣ ಸಾವ್ಕಾರ್ರ ಕೈಯಲ್ಲಿ ಫೋನಿತ್ತು. ಕೊಡಲಿಲ್ಲ. ಅದರಲ್ಲಿ ಏನಿತ್ತೋ, ಏನೂ ಇರಲಿಲ್ಲವೋ, ನನಗೆ ಗೊತ್ತಿಲ್ಲ. ಸುಮ್ಮನೆ ಜೇಬಿಗೆ ಇಳಿಸಿದರು. “ಏನಿಲ್ಲ ಅಪ್ಪಾಜಿ” ಎಂದರು. ಆಮೇಲೆ ಅಕ್ಕೋರ ಕಡೆ ನೋಡದೆ, “ನೀವು ಮಾಡಿದಂಗ ಇರ್ಲಿ ಬಿಡ್ರಿ” ಎಂದು ಹೊರಗೆ ಹೋದರು.

ಗೆದ್ದಿರಲ್ಲ ಎಂದೆ ನಾನು ಮೇಲೆ ಬಂದ ಮೇಲೆ. ಅವರಿಗೆ ಆ ಮಾತು ಹಿಡಿಸಲಿಲ್ಲ. “ಅವರಪ್ಪನ ಮುಂದ ಹಂಗ ಕೇಳಬಾರದಿತ್ತು ನಾನು. ಬ್ಯಾರೆ ದಾರಿ ಕಾಣಲಿಲ್ಲ” ಎಂದು ತಲೆ ಹಿಡಿದುಕೊಂಡು ಕೂತರು. ಆ ದಿನ ಬುತ್ತಿಯನ್ನೂ ಬಿಚ್ಚಲಿಲ್ಲ.

ಆ ಸರ್ಚ್ ಬಾರು ಅವರು ಮಾಡಿದಂತೆ ಒಂದಷ್ಟು ಕಾಲ ಇತ್ತು. ಆಮೇಲೆ ನಡೆಸಲು ಆಗದೆ ಸಣ್ಣ ಸಾವ್ಕಾರ್ರು ಆ್ಯಪ್ಪನ್ನೇ ದಾವಣಗೆರೆಯ ಒಂದು ಕಂಪನಿಗೆ ಒಪ್ಪಿಸಿದರು. ಅವರದು ಸಿದ್ಧ ಮಾಲು. ನಮ್ಮ ಅಂಗಡಿಯ ಹೆಸರನ್ನು ಅಂಟಿಸಿದರು ಅಷ್ಟೆ. ಹೊಸ ಆ್ಯಪ್ ಫೋನಿಗೆ ಬಂದ ದಿನ ಅಕ್ಕೋರು ಮೊದಲು ಮಾಡಿದ ಕೆಲಸ, ಏನೋ ಒಂದು ಹುಡುಕಿ, ಅಳಿಸಿ, ಮತ್ತೆ ಸರ್ಚ್ ಬಾರ್ ಮುಟ್ಟಿ ನೋಡಿದ್ದು. ಹೆಸರು ಕೆಳಗೆ ಇಳಿದು ಬಂತು. ‘ಗುಳಿಗಿ’ ಎಂದು ಬರೆದರೆ ಏನೂ ಸಿಗಲಿಲ್ಲ.

ದಾವಣಗೆರೆಗೆ ಫೋನ್ ಮಾಡಿದರು. ಆ ಕಡೆಯ ಹುಡುಗ ಬಹಳ ಮರ್ಯಾದೆಯಿಂದ, “ಎಲ್ಲಾ ಆ್ಯಪ್‌ನಲ್ಲೂ ಹಿಂಗೇ ಇರೋದು ಮೇಡಂ” ಎಂದನಂತೆ. ಮತ್ತೆ ಮಾಡಿದರು, ಮೇಲ್ ಬರೆದರು. ಉತ್ತರ ಬರಲಿಲ್ಲ. “ತಪ್ಪಲ್ರಿ ಅವರದು. ಅವರಿಗೆ ಇನ್ನಾ ಯಾರೂ ಅಳಕೋತ ಫೋನ್ ಮಾಡಿಲ್ಲ” ಎಂದರು.

ಅವರಿಗೆ ಇನ್ನು ಕೆಲಸವಿರಲಿಲ್ಲ. ಹಿಡಿದ ತಿಂಗಳು ಮುಗಿಯುವವರೆಗೆ ಬಂದರು. ಮೇಲಿನ ಕೋಣೆಯಲ್ಲಿ ಕೂಡದೆ ಕೆಳಗೆ ಕೌಂಟರಿನ ಪಕ್ಕ ನಿಂತು, ಮಾತ್ರೆಗೆ ಬಂದವರ ಫೋನಿನಲ್ಲಿ ಹಳೆಯ ಹುಡುಕಾಟ ಅಳಿಸುವುದು ಎಲ್ಲಿ, ಹೇಗೆ ಎಂದು ತೋರಿಸುತ್ತಿದ್ದರು. ಫೋನನ್ನು ತಾವು ಮುಟ್ಟುತ್ತಿರಲಿಲ್ಲ. “ನೀವ ಒತ್ರಿ, ನಾ ನೋಡಂಗಿಲ್ಲ” ಎಂದು ಮುಖ ಆ ಕಡೆ ತಿರುಗಿಸಿ ಬಾಯಲ್ಲೇ ಹೇಳುತ್ತಿದ್ದರು. ಕೆಲವರು ಕೇಳಿಸಿಕೊಂಡರು. ಕೆಲವರು ಬಸ್ಸಿಗೆ ಹೊತ್ತಾಯಿತೆಂದು ಹೋದರು. ಸಂಜೆಯ ಹೊತ್ತಿಗೆ ಕಾಲು ಊದಿರುತ್ತಿದ್ದವು. ಸ್ಟೂಲ್ ಕೊಟ್ಟರೆ, ಕೂತರೆ ಮತ್ತೆ ಏಳಲಾರೆ ಎನ್ನುತ್ತಿದ್ದರು. ಕೊನೆಯ ದಿನವೂ ಹಾಗೆಯೇ ಹೊತ್ತು ಮುಳುಗುವ ಮೊದಲು ಬಸ್ಸಿಗೆ ಹೋದರು. ಹಾರವೂ ಇಲ್ಲ, ಭಾಷಣವೂ ಇಲ್ಲ. ಈಗ ಗಂಡನಿಗೆ ವರ್ಗವಾಗಿ ಹಡಗಲಿಯಲ್ಲಿದ್ದಾರೆ. ಆ್ಯಪ್ ಕೆಲಸ ಬಿಟ್ಟು ಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ.

ಚಿಗಟೇರಿಯ ಹುಡುಗಿಯನ್ನು ಗಂಡನ ಮನೆಯವರು ಕರೆಯಲು ಬರಲಿಲ್ಲ. ಹಿರಿಯರು ಕೂತು ಮಾತಾಡಿದರು, ಗಂಡ-ಹೆಂಡಿರಿಗೆ ಬಿಡುಗಡೆಯಾಯಿತು. ಕಾಲು ವಾಸಿಯಾದ ಮೇಲೆ ಅವಳ ಅಪ್ಪನೇ ಅಂಗಡಿಗೆ ಬಂದು, ಜನ ಕರಗುವವರೆಗೆ ಕಾದು, ಪಿಸುಮಾತಿನಲ್ಲಿ ಮಾತ್ರೆ ಕೇಳಿ ಒಯ್ಯುತ್ತಿದ್ದ. ಈಚೆಗೆ ಅವಳು ಇಲ್ಲೇ ಹರಪನಹಳ್ಳಿಯಲ್ಲಿ ಬಟ್ಟೆ ಹೊಲಿಯುವ ಕೆಲಸಕ್ಕೆ ಸೇರಿದ್ದಾಳೆಂದು ಅವನಿಂದಲೇ ತಿಳಿದಿತ್ತು.

ಹೋದ ಸಂತೆಯ ದಿನ ಅಂಗಡಿ ತುಂಬ ಜನ. ಹಿಂದಿನ ಸಾಲಿನಿಂದ ಒಂದು ಕೈ ಚೀಟಿ ಚಾಚಿತು.

“ಅಣ್ಣಾರೆ, ಫಿಟ್ಸ್ ಗುಳಿಗಿ ಕೊಡ್ರಿ. ನನಗ.”

ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಪಕ್ಕದಲ್ಲಿದ್ದ ಹೆಂಗಸು ಸೆರಗು ಎಳೆದುಕೊಂಡು ಸರಿದು ನಿಂತಳು. ಹುಡುಗಿ ಅದನ್ನು ನೋಡಿದಳು. ನೋಡಿಯೂ ಚೀಟಿ ಹಿಡಿದ ಕೈ ಹಿಂದಕ್ಕೆ ಎಳೆಯಲಿಲ್ಲ. ನಾನು ಮಾತ್ರೆಯನ್ನು ಕಾಗದದ ಕವರಿಗೆ ಹಾಕಲು ಹೋದೆ. “ಕವರ್ ಬ್ಯಾಡ್ರಿ, ಹಂಗ ಕೊಡ್ರಿ” ಎಂದು ಇಸಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹೋದಳು.

ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಹಡಗಲಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ.

“ಒಬ್ಬಾಕಿನ ಬಂದಿದ್ಲಾ?”

“ಒಬ್ಬಾಕಿನ.”

“ಜೋರಾಗಿ ಕೇಳಿದ್ಲಾ?”

“ಅಂಗಡಿ ತುಂಬ ಕೇಳಂಗ.”

ಆ ಕಡೆ ಮಕ್ಕಳು ಮಗ್ಗಿ ಹೇಳುವ ಸದ್ದು ಬರುತ್ತಿತ್ತು.

“ಛಲೋ ಆತು” ಎಂದರು. ಆಮೇಲೆ, “ಆದ್ರೂ ಅಣ್ಣಾರೆ, ಯಾವಾಗ ಹೇಳಬೇಕು ಅನ್ನೋದು ಆಕಿ ಕೈಯಾಗ ಇರಬೇಕಿತ್ತು” ಎಂದರು.

ಅಷ್ಟರಲ್ಲಿ ಯಾವುದೋ ಮಗು, ಲೆಕ್ಕ ಮತ್ತೆ ತಪ್ಪಿತೆಂದು ಅವರನ್ನು ಕರೆಯಿತು. “ಬಂದೆ ಇರವ್ವ” ಎಂದು ಫೋನ್ ಇಟ್ಟರು.